ಒಂದೇ ಹೆಸರು, ಎರಡು ಹುಳು: ಭತ್ತದ ಬುಡ ನೋಡೋಕೆ ಮಾಡಿದ ಸಲಕರಣೆ

ಹೋದ ವರ್ಷ ಚಿತ್ತೆ ಮಳೆ ಹೊತ್ತಿಗೆ ನಮ್ಮ ಕೆಳಗದ್ದೆಯ ನಡುವೆ ಭತ್ತ ಬಡಿಯುವ ಕಣದಷ್ಟು ಜಾಗ ಸುಟ್ಟ ಹಾಗೆ ಒಣಗಿತು. ಸುತ್ತ ಹಸಿರು, ನಡುವೆ ದುಂಡಗೆ ಒಣಹುಲ್ಲಿನ ಬಣ್ಣ. ತೆನೆ ಹಾಲು ತುಂಬುವ ಹೊತ್ತು ಅದು. ಅಪ್ಪಯ್ಯ ಅಂಚಿನ ಮೇಲೆ ನಿಂತು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಮಘೆ ಮಳೇಲಿ ಔಷಧಿ ಹೊಡೆದಿದ್ವಲ್ಲಾ ಮಾರಾಯ, ಅದೇ ಹುಳ ಮತ್ತೆ ಹೇಗೆ ಬಂತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಅದೇ ಹುಳ ಅಲ್ಲ ಅಂತ ಗೊತ್ತಾಗೋಕೆ ಒಂದು ವರ್ಷ ಬೇಕಾಯಿತು. ಒಂದು ಲೆನ್ಸು, ಎಂಟು ಪ್ಲಾಸ್ಟಿಕ್ ಬಾಟಲಿ, ಅಮ್ಮನ ಹಳೇ ಸೀರೆ ಒಂದು, ಇಷ್ಟೂ ಬೇಕಾಯಿತು.

ನಾನು ತೀರ್ಥಹಳ್ಳಿ ಕಡೆಯವನು. ಪಂಪ್‌ಸೆಟ್, ಮಿಕ್ಸಿ, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವುದು ನನ್ನ ಕೆಲಸ. ಜೊತೆಗೆ ಊಟಕ್ಕೆ ಆಗುವಷ್ಟು ಗದ್ದೆ, ಸ್ವಲ್ಪ ಅಡಿಕೆ ತೋಟ. ನಮ್ಮಲ್ಲಿ ಭತ್ತದ ರಸ ಹೀರುವ ಸಣ್ಣ ಹುಳಕ್ಕೆಲ್ಲ ಒಂದೇ ಹೆಸರು: ಜಿಗಿಹುಳ. ಕೃಷಿ ಇಲಾಖೆಯ ಕೈಪಿಡಿ ತೆಗೆದರೆ ಅದರಲ್ಲಿ ಎರಡು ಹೆಸರಿದೆ. ಕಂದು ಜಿಗಿಹುಳು, ಬಿಳಿ ಬೆನ್ನಿನ ಜಿಗಿಹುಳು. ಮೊದಲನೆಯದರ ಶಾಸ್ತ್ರದ ಹೆಸರು ನಿಲಪರ್ವತ ಲುಗೆನ್ಸ್. ಓದಿದರೆ ಯಾವುದೋ ನೀಲಿ ಬೆಟ್ಟದ ಹೆಸರಿನ ಹಾಗೆ ಕೇಳುತ್ತದೆ, ಅಲ್ವಾ? ಎರಡನೆಯದು ಸೊಗಟೆಲ್ಲ ಫರ್ಸಿಫೆರ. ಎರಡೂ ಒಂದೇ ಕುಟುಂಬದವು, ಎರಡೂ ಅಕ್ಕಿಕಾಳಿಗಿಂತ ಸಣ್ಣವು. ಬರಿಗಣ್ಣಿಗೆ ಎರಡೂ ಒಂದು ಕಂದು ಚುಕ್ಕೆ, ಅಷ್ಟೇ. ಮುಟ್ಟಿದರೆ ಹಾರಿಹೋಗುವ ಚುಕ್ಕೆ.

ಈ ವರ್ಷ ನಾಟಿ ಮುಗಿದ ಮೇಲೆ ಕೂತು ಲೆಕ್ಕ ಹಾಕಿದೆ. ನನಗೆ ಬೇಕಾಗಿದ್ದು ನಾಲ್ಕು. ಹುಳ ಹಿಡಿಯೋಕೆ ಒಂದು ಸಲಕರಣೆ, ನೋಡೋಕೆ ಒಂದು, ಸಾಕೋಕೆ ಒಂದು. ನಾಲ್ಕನೆಯದು ಆಮೇಲೆ ತಲೆಗೆ ಬಂದಿದ್ದು, ಅದನ್ನು ಕೊನೆಗೆ ಹೇಳುತ್ತೇನೆ.

ಹಿಡಿಯುವ ಕೊಳವೆ

ಇದು ಅರ್ಧ ಗಂಟೆಯ ಕೆಲಸ. ಅಗಲ ಬಾಯಿಯ ಸಣ್ಣ ಔಷಧಿ ಬಾಟಲಿ, ಮುಚ್ಚಳಕ್ಕೆ ಎರಡು ತೂತು, ಎರಡರಲ್ಲೂ ಪ್ಲಾಸ್ಟಿಕ್ ಕೊಳವೆ. ಒಂದು ಕೊಳವೆಯ ತುದಿ ಹುಳದ ಹತ್ತಿರ, ಇನ್ನೊಂದು ನಮ್ಮ ಬಾಯಲ್ಲಿ. ಉಸಿರು ಎಳೆದರೆ ಹುಳ ಬಾಟಲಿಗೆ ಬಂದು ಬೀಳುತ್ತದೆ. ಬಾಯಿಯ ಕಡೆಯ ಕೊಳವೆಯ ಒಳತುದಿಗೆ ಬಟ್ಟೆ ಕಟ್ಟಲೇಬೇಕು. ತೆಳ್ಳಗಿನ ಬಟ್ಟೆ ಎರಡು ಮಡಿಕೆ ಮಾಡಿ ದಾರದಲ್ಲಿ ಬಿಗಿದೆ. ಔಷಧಿ ಹೊಡೆದ ಗದ್ದೆಯಲ್ಲಿ ಇದನ್ನು ಬಳಸಬೇಡಿ. ಬಟ್ಟೆ ಹುಳವನ್ನು ತಡೆಯುತ್ತದೆ, ವಿಷದ ಗಾಳಿಯನ್ನು ತಡೆಯುವುದಿಲ್ಲ.

ಇದರ ಜೊತೆಗೆ ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ. ಭತ್ತದ ಬುಡವನ್ನು ಸ್ವಲ್ಪ ಬಾಗಿಸಿ, ನೀರಿನ ಮಟ್ಟದಲ್ಲಿ ತಟ್ಟೆ ಹಿಡಿದು, ಅಂಗೈಯಲ್ಲಿ ಎರಡು ಸಲ ತಟ್ಟಿದರೆ ಸಾಕು. ಬುಡದಲ್ಲಿ ಇದ್ದದ್ದೆಲ್ಲ ತಟ್ಟೆಗೆ ಬೀಳುತ್ತದೆ. ಮೊದಲ ದಿನ ಅಂಚಿನ ಮೇಲೇ ನಿಂತು ಎಲೆ ನೋಡಿ ಬಂದಿದ್ದೆ, ಏನೂ ಕಂಡಿರಲಿಲ್ಲ. ಮರುದಿನ ಗದ್ದೆಗೆ ಇಳಿದು ಬುಡ ತಟ್ಟಿದಾಗ ಒಂದೇ ತಟ್ಟೆಯಲ್ಲಿ ಹದಿನಾರು! ಎಲೆ ನೋಡಿದರೆ ಈ ಹುಳದ ಸುದ್ದಿ ಸಿಗುವುದೇ ಇಲ್ಲ.

ಲೆನ್ಸು: ಎರಡು ಸಲ ಮಾಡಿದ ಕೆಲಸ

ಗುಜರಿಗೆ ಹಾಕಿದ್ದ ಡಿವಿಡಿ ಪ್ಲೇಯರ್ ಬಿಚ್ಚಿ ಅದರ ಕಣ್ಣಿನ ಸಣ್ಣ ಲೆನ್ಸು ತೆಗೆದೆ. ಅದನ್ನು ಮೊಬೈಲ್ ಕ್ಯಾಮೆರಾದ ಮೇಲೆ ಕೂರಿಸಿದರೆ ತುಂಬಾ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ನೋಡುವ ವಸ್ತು ಲೆನ್ಸಿನಿಂದ ಒಂದೂವರೆ ಮಿಲಿಮೀಟರ್ ದೂರದಲ್ಲಿ ಇರಬೇಕು. ಹುಳದ ಬೆನ್ನೇ ಒಂದು ಮಿಲಿಮೀಟರಿಗಿಂತ ಎತ್ತರ. ರೆಕ್ಕೆ ಲೆನ್ಸಿಗೆ ತಾಗಿತು, ಕಾಲು ಮುರಿಯಿತು, ಬೆಳಕು ಒಳಗೆ ಹೋಗೋಕೆ ಜಾಗವೇ ಇಲ್ಲ. ಎರಡು ದಿನ ಹಾಳಾಯಿತು.

ಆಮೇಲೆ ಶಿವಮೊಗ್ಗಕ್ಕೆ ಸ್ಪೇರ್ ಪಾರ್ಟ್ಸ್ ತರಲು ಹೋದಾಗ ಗಾಂಧಿ ಬಜಾರಿನಲ್ಲಿ ಮಕ್ಕಳು ಆಡುವ ಲೇಸರ್ ಟಾರ್ಚ್ ಒಂದು ತಂದೆ. ಅದರ ಮುಂದಿನ ಲೆನ್ಸು ಸ್ವಲ್ಪ ದೊಡ್ಡದು. ಐದಾರು ಮಿಲಿಮೀಟರ್ ದೂರದಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ಲೆನ್ಸಿನ ಯಾವ ಮುಖ ಕ್ಯಾಮೆರಾ ಕಡೆ ಇರಬೇಕು ಅನ್ನುವುದನ್ನು ಎರಡೂ ಕಡೆ ತಿರುಗಿಸಿ ನೋಡಿಯೇ ತಿಳಿಯಬೇಕು. ಒಂದು ಕಡೆ ಚಿತ್ರದ ಅಂಚು ಮಸುಕಾಗುತ್ತದೆ, ಇನ್ನೊಂದು ಕಡೆ ಚೆನ್ನಾಗಿ ಬರುತ್ತದೆ.

ಸ್ಟ್ಯಾಂಡಿಗೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಮೂರು ಬೋಲ್ಟು, ಬೋಲ್ಟಿನ ತುದಿಗೆ ಅಕ್ರಿಲಿಕ್ ಶೀಟು. ಮೊಬೈಲ್ ಈ ಶೀಟಿನ ಮೇಲೆ ಮಲಗುತ್ತದೆ. ಶೀಟಿನಲ್ಲಿ ತೂತು ಮಾಡಿ ಲೆನ್ಸು ಕೂರಿಸಿದ್ದೇನೆ. ತೂತನ್ನು ಲೆನ್ಸಿಗಿಂತ ಕೂದಲೆಳೆಯಷ್ಟು ಚಿಕ್ಕದು ಮಾಡಿ ಒತ್ತಿ ಕೂರಿಸಿ. ಫೆವಿಕ್ವಿಕ್ ಹಾಕಬೇಡಿ. ಅದರ ಹೊಗೆ ಗಾಜಿನ ಮೇಲೆ ಬೆಳ್ಳಗೆ ಕೂರುತ್ತದೆ. ನನ್ನ ಮೊದಲ ಲೇಸರ್ ಲೆನ್ಸು ಹಾಳಾಗಿದ್ದು ಹಾಗೆ.

ಹುಳ ಇಡುವ ಗಾಜಿನ ಪಟ್ಟಿ ಎರಡು ಉದ್ದ ಬೋಲ್ಟಿನ ಮೇಲೆ ಮೇಲೆ ಕೆಳಗೆ ಹೋಗುತ್ತದೆ. ಮೊದಲು ಎಂ 8 ಬೋಲ್ಟು ಹಾಕಿದ್ದೆ. ಒಂದು ಸುತ್ತು ತಿರುಗಿಸಿದರೆ 1.25 ಮಿ.ಮೀ. ಏರುತ್ತದೆ. ಹುಳದ ಕಾಲು ಸ್ಪಷ್ಟವಾದರೆ ಬೆನ್ನು ಮಸುಕು, ಬೆನ್ನು ಸಿಕ್ಕರೆ ಕಾಲು ಮಾಯ. ಎಂ 6 ಗೆ ಬದಲಾಯಿಸಿದೆ. ಅದು ಸುತ್ತಿಗೆ 1 ಮಿ.ಮೀ. ದೊಡ್ಡ ವ್ಯತ್ಯಾಸ ಏನಲ್ಲ. ನಿಜವಾದ ತೊಂದರೆ ಇದ್ದದ್ದು ನಟ್ಟಿನ ಸಡಿಲದಲ್ಲಿ. ತಿರುಗಿಸಿದಾಗ ಗಾಜು ಒಂದು ಕಡೆ ವಾಲುತ್ತಿತ್ತು. ಗಾಜಿನ ಕೆಳಗೆ ಪ್ರತಿ ಬೋಲ್ಟಿಗೂ ಒಂದು ಸ್ಪ್ರಿಂಗ್ ಹಾಕಿದೆ. ಮೇಲಿಂದ ನಟ್ಟು ಒತ್ತುತ್ತದೆ, ಕೆಳಗಿಂದ ಸ್ಪ್ರಿಂಗ್ ತಳ್ಳುತ್ತದೆ. ಆಟ ಪೂರ್ತಿ ನಿಂತಿತು. ನಟ್ಟಿಗೆ ಒಂದು ಅಗಲವಾದ ಬಾಟಲಿ ಮುಚ್ಚಳ ಅಂಟಿಸಿದ ಮೇಲೆ ಬೆರಳಿಗೆ ಹಿಡಿತ ಬಂತು, ಕೂದಲಷ್ಟೇ ತಿರುಗಿಸಬಹುದು.

ಅಳತೆ ಬೇಕಲ್ಲ? ಗಾಜಿನ ಮೇಲೆ ಗ್ರಾಫ್ ಪೇಪರ್ ತುಂಡು ಇಟ್ಟು ಒಂದು ಫೋಟೋ ತೆಗೆದೆ. ನನ್ನ ಮೊಬೈಲಿನಲ್ಲಿ ಅಡ್ಡಕ್ಕೆ ಸರಿಯಾಗಿ ಎಂಟು ಮಿಲಿಮೀಟರ್ ಮನೆ ಬಂತು. ಅಂದರೆ ಚಿತ್ರದ ಅರ್ಧ ಅಗಲದ ಹುಳ ನಾಲ್ಕು ಮಿಲಿಮೀಟರ್. ಝೂಮ್ ಮುಟ್ಟದಿದ್ದರೆ ಈ ಲೆಕ್ಕ ಬದಲಾಗುವುದಿಲ್ಲ.

ಬೆಳಕಿಗೆ ಹಳೇ ಎಮರ್ಜೆನ್ಸಿ ಲ್ಯಾಂಪಿನ ಎಲ್‌ಇಡಿ. ನೇರ ಬೆಳಕು ಬಿದ್ದರೆ ಹುಳದ ಬೆನ್ನು ಹೊಳೆದು ಏನೂ ಕಾಣುವುದಿಲ್ಲ. ಎಣ್ಣೆ ಕಾಗದ ಅಡ್ಡ ಹಿಡಿದು, ಪಕ್ಕದಿಂದ ಬೆಳಕು ಕೊಟ್ಟೆ. ಆಗ ಮೊದಲ ಸಲ ಅದರ ಹಿಂಗಾಲು ಕಂಡಿತು.

ಆ ಹಿಂಗಾಲನ್ನು ನಾನು ಮರೆಯುವುದಿಲ್ಲ. ಮೊಣಕಾಲಿನ ಕೆಳಗಿನ ಭಾಗ ಮುಗಿಯುವಲ್ಲಿ ಒಂದು ದೊಡ್ಡ ಮುಳ್ಳು, ಎಲೆಯ ಹಾಗೆ ಚಪ್ಪಟೆ. ಸುಮ್ನೆ ಅಂಟಿಕೊಂಡ ಮುಳ್ಳಲ್ಲ, ಕೀಲಿನ ಮೇಲೆ ಆಡುತ್ತದೆ. ಈ ಕುಟುಂಬದ ಹುಳಗಳ ಗುರುತೇ ಅದು. ಗದ್ದೆಯ ಎಲೆಯ ಮೇಲೆ ಕಾಣುವ ಹಸಿರು ಜಿಗಿಹುಳಕ್ಕೆ ಇದು ಇಲ್ಲ. ಅದರ ಕಾಲಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಸಣ್ಣ ಮುಳ್ಳಿನ ಸಾಲು. ಆಡುವ ಮುಳ್ಳು ಇದ್ದರೆ ನಮ್ಮ ಇಬ್ಬರಲ್ಲಿ ಒಬ್ಬ, ಇಲ್ಲದಿದ್ದರೆ ಬೇರೆ ಮನೆಯವನು.

ಜೀವಂತ ಹುಳ ಗಾಜಿನ ಮೇಲೆ ನಿಲ್ಲುವುದಿಲ್ಲ. ಬಾಟಲಿ ಸಮೇತ ಫ್ರೀಜರಿನಲ್ಲಿ ಮೂರು ನಾಲ್ಕು ನಿಮಿಷ ಇಟ್ಟರೆ ಸ್ವಲ್ಪ ಹೊತ್ತು ಅಲುಗಾಡದೆ ಇರುತ್ತದೆ, ಆಮೇಲೆ ಎದ್ದು ಓಡುತ್ತದೆ. ಹತ್ತು ನಿಮಿಷ ಇಟ್ಟರೆ ಸಾಯುತ್ತದೆ ಅಂತ ನನಗೆ ಒಂದು ಬಾಟಲಿ ಪೂರ್ತಿ ಕಳೆದುಕೊಂಡ ಮೇಲೆ ಗೊತ್ತಾಯಿತು. ಅಮ್ಮನಿಗೆ ಮೊದಲೇ ಹೇಳಿ ಇಡಿ. ದೋಸೆ ಹಿಟ್ಟಿನ ಪಕ್ಕ ಹುಳದ ಬಾಟಲಿ ಕಂಡರೆ ಯಾರಿಗೂ ಇಷ್ಟ ಆಗುವುದಿಲ್ಲ.

ಕಂಡದ್ದು

ಆಸಲೆ ಮಳೆಯಿಂದ ಮಘೆ ಮಳೆವರೆಗೆ ನನ್ನ ತಟ್ಟೆಗೆ ಬಿದ್ದ ಹುಳಗಳಲ್ಲಿ ಜಾಸ್ತಿ ಬಿಳಿ ಬೆನ್ನಿನವು. ಲೆನ್ಸಿನ ಕೆಳಗೆ ಇಟ್ಟರೆ ಅನುಮಾನವೇ ಬರುವುದಿಲ್ಲ. ಎರಡು ರೆಕ್ಕೆ ಬೆನ್ನಿಗೆ ಸೇರುವ ಜಾಗದ ನಡುವೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ. ರೆಕ್ಕೆ ಮುಚ್ಚಿದಾಗ ಎರಡೂ ರೆಕ್ಕೆಯ ಹಿಂದಿನ ಅಂಚಿನ ಕಪ್ಪು ಚುಕ್ಕೆ ಒಂದಾಗಿ ಬೆನ್ನ ಮೇಲೆ ಒಂದು ದೊಡ್ಡ ಚುಕ್ಕೆ ಆಗುತ್ತದೆ. ಮೈ ಸ್ವಲ್ಪ ತೆಳು. ನನ್ನ ಗ್ರಾಫ್ ಲೆಕ್ಕದಲ್ಲಿ ರೆಕ್ಕೆ ಸೇರಿ ನಾಲ್ಕು ಮಿಲಿಮೀಟರಿನ ಆಸುಪಾಸು.

ಉತ್ತರೆ ಮಳೆ ಹಿಡಿದ ಮೇಲೆ ತಟ್ಟೆಯ ಬಣ್ಣ ಬದಲಾಯಿತು. ಕಂದು ಜಿಗಿಹುಳು ಬರೋಕೆ ಶುರುವಾಯಿತು. ಇದರ ಮೈ ಪೂರ್ತಿ ಬೆಲ್ಲದ ಬಣ್ಣ. ಬಿಳಿ ಪಟ್ಟಿ ಇಲ್ಲ. ಮೈ ತುಂಬಿಕೊಂಡಿದೆ, ಹೆಣ್ಣಿನ ಹೊಟ್ಟೆ ಇನ್ನೂ ದಪ್ಪ. ಬಣ್ಣವನ್ನು ಪೂರ್ತಿ ನಂಬಬಾರದು, ಇದರಲ್ಲೇ ತಿಳಿ ಕಂದೂ ಇದೆ, ಕಪ್ಪು ಕಂದೂ ಇದೆ. ಅದಕ್ಕೇ ನಾನು ಹಿಂಗಾಲಿನ ಪಾದ ನೋಡುತ್ತೇನೆ. ಪಾದದ ಮೊದಲ ಗಂಟಿನ ಪಕ್ಕದಲ್ಲಿ ಕಂದು ಹುಳಕ್ಕೆ ಸಣ್ಣ ಸಣ್ಣ ಮುಳ್ಳು ಇರುತ್ತದೆ, ಬಿಳಿ ಬೆನ್ನಿನದಕ್ಕೆ ಇರುವುದಿಲ್ಲ. ಇದನ್ನು ನೋಡೋಕೆ ಲೇಸರ್ ಲೆನ್ಸು ಸಾಲದು. ಸತ್ತ ಹುಳದ ಕಾಲು ಬಿಡಿಸಿ ಗಾಜಿಗೆ ಅಂಟಿಸಿದರೆ ಮೂಲೆಗೆ ಎಸೆದಿದ್ದ ಡಿವಿಡಿ ಲೆನ್ಸು ಸರಿಯಾಗಿ ಕೆಲಸಕ್ಕೆ ಬಂತು. ಕಾಲು ಚಪ್ಪಟೆ, ಒಂದೂವರೆ ಮಿಲಿಮೀಟರ್ ಧಾರಾಳ.

ಮರಿಗಳನ್ನು ಗುರುತಿಸುವುದು ಇನ್ನೂ ಸುಲಭ. ಎರಡೂ ಮೊಟ್ಟೆಯಿಂದ ಬಂದಾಗ ಬೆಳ್ಳಗೇ ಇರುತ್ತವೆ. ಐದು ಸಲ ಪೊರೆ ಬಿಟ್ಟು ದೊಡ್ಡದಾಗುತ್ತವೆ. ಮೂರನೇ ಪೊರೆಯ ಹೊತ್ತಿಗೆ ಕಂದಿನ ಮರಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಬೆನ್ನಿನ ಮರಿಯ ಮೇಲೆ ಬೂದು ಬಿಳಿ ಮಚ್ಚೆ, ಕಾಡುಕಲ್ಲಿನ ಮೇಲೆ ಪಾಚಿ ಹಿಡಿದ ಹಾಗೆ. ಎಷ್ಟು ಚೆಂದ ಅಂದರೆ ಅಣ್ಣನ ಮಗಳು ಅದರ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾಳೆ.

ಮೊಟ್ಟೆ ಹುಡುಕೋಕೆ ಬುಡದ ಸೋಗೆಯನ್ನು ಉಗುರಲ್ಲಿ ಸೀಳಬೇಕು. ಮೇಲೆ ಕಂದು ಗೀರು ಕಂಡರೆ ಅಲ್ಲಿ ಮೊಟ್ಟೆ ಇದೆ ಅಂತ. ಒಳಗೆ ಬಾಳೆಗೊನೆ ಹಾಗೆ ಸಾಲಾಗಿ ಇಟ್ಟಿರುತ್ತದೆ. ಮೊಟ್ಟೆಯ ಟೊಪ್ಪಿ ಮಾತ್ರ ಹೊರಗೆ ಕಾಣುತ್ತದೆ. ಕಂದಿನ ಟೊಪ್ಪಿಗಳು ಅಗಲವಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಳಿ ಬೆನ್ನಿನದು ಚೂಪು, ಬಿಡಿ ಬಿಡಿ.

ಇನ್ನು ರೆಕ್ಕೆಯ ವಿಚಾರ. ಎರಡರಲ್ಲೂ ಉದ್ದ ರೆಕ್ಕೆಯದು, ಗಿಡ್ಡ ರೆಕ್ಕೆಯದು ಅಂತ ಎರಡು ರೂಪ ಇದೆ. ಗಿಡ್ಡ ರೆಕ್ಕೆಯದು ಹಾರುವುದಿಲ್ಲ. ಇದ್ದಲ್ಲೇ ಕೂತು ರಸ ಕುಡಿದು ಜಾಸ್ತಿ ಮೊಟ್ಟೆ ಇಡುತ್ತದೆ. ಗಿಡ ಎಳೆಯದಾಗಿ ರಸ ತುಂಬಿದ್ದರೆ ಗಿಡ್ಡ ರೆಕ್ಕೆ. ಗಿಡ ಬಲಿತು, ಹುಳ ಜಾಸ್ತಿಯಾಗಿ ಜಾಗ ಸಾಲದಿದ್ದರೆ ಉದ್ದ ರೆಕ್ಕೆ ಬೆಳೆದು ಊರು ಬಿಡುತ್ತದೆ. ಕಂದು ಹುಳದ ಮೈಯಲ್ಲಿ ಇದನ್ನು ತೀರ್ಮಾನ ಮಾಡುವುದು ಎರಡು ಇನ್ಸುಲಿನ್ ಗ್ರಾಹಿಗಳು (ಇನ್ಸುಲಿನ್ ಬಂದು ಕೂರುವ ಜಾಗಗಳು) ಅಂತ ಚೀನಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಾತಿನಲ್ಲಿ ಮಾತ್ರ ಕೇಳಿದ್ದ ಇನ್ಸುಲಿನ್ ಗದ್ದೆಯ ಹುಳಕ್ಕೆ ರೆಕ್ಕೆ ಕೊಡುವ ಮಾತಿನಲ್ಲೂ ಬಂತು. ಅದನ್ನು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಇನ್ನೊಂದು ವ್ಯತ್ಯಾಸ: ಕಂದಿನಲ್ಲಿ ಗಿಡ್ಡ ರೆಕ್ಕೆಯ ಗಂಡೂ ಸಿಗುತ್ತದೆ. ಬಿಳಿ ಬೆನ್ನಿನಲ್ಲಿ ಗಿಡ್ಡ ರೆಕ್ಕೆ ಅಂದರೆ ಸಾಮಾನ್ಯವಾಗಿ ಹೆಣ್ಣೇ.

ಇದರಿಂದ ನನ್ನ ಇನ್ನೊಂದು ತಪ್ಪು ಗೊತ್ತಾಯಿತು. ನಾನು ಅಂಚಿನಲ್ಲಿ ಒಂದು ಬಲ್ಬು, ಕೆಳಗೆ ಸೋಪಿನ ನೀರಿನ ಬುಟ್ಟಿ ಇಟ್ಟಿದ್ದೆ. ಬೆಳಕಿಗೆ ಹುಳ ಬರುತ್ತದೆ, ಎಣಿಸಿದರೆ ಗದ್ದೆಯ ಲೆಕ್ಕ ಸಿಗುತ್ತದೆ ಅಂದುಕೊಂಡಿದ್ದೆ. ಆದರೆ ಬೆಳಕಿಗೆ ಬರುವುದು ರೆಕ್ಕೆ ಇದ್ದದ್ದು ಮಾತ್ರ! ಮೊಟ್ಟೆ ಇಟ್ಟು ಗದ್ದೆ ತುಂಬುವ ಗಿಡ್ಡ ರೆಕ್ಕೆಯ ಹೆಣ್ಣು ಬುಡದಲ್ಲೇ ಕೂತಿರುತ್ತದೆ. ಬುಟ್ಟಿಯಲ್ಲಿ ನಾಲ್ಕೇ ಹುಳ ಬಿದ್ದ ದಿನ ತಟ್ಟೆಯಲ್ಲಿ ಮೂವತ್ತು ಬಿದ್ದಿತ್ತು. ಬೆಳಕಿನ ಬಲೆ ಹುಳ ಊರಿಗೆ ಬಂತು ಅಂತ ಹೇಳುತ್ತದೆ. ಎಷ್ಟಿದೆ ಅಂತ ತಟ್ಟೆಯೇ ಹೇಳಬೇಕು.

ಸಾಕುವ ಬಾಟಲಿ

ಎರಡನ್ನೂ ಪಕ್ಕ ಪಕ್ಕ ಬೆಳೆಸಿ ನೋಡಬೇಕು ಅನ್ನಿಸಿತು. ಎರಡು ಲೀಟರಿನ ಬಾಟಲಿಯ ತಳ ಕತ್ತರಿಸಿ, ಭತ್ತದ ಸಸಿ ನೆಟ್ಟ ಕುಂಡದ ಮೇಲೆ ಕವುಚಿದೆ. ಗಾಳಿಗೆ ಎರಡು ಪಕ್ಕ ಕಿಟಕಿ ಕೊಯ್ದು ಸೊಳ್ಳೆಪರದೆಯ ತುಂಡು ಅಂಟಿಸಿದೆ. ಒಂಬತ್ತನೇ ದಿನ ಮರಿ ಬಂದವು. ಹತ್ತನೇ ದಿನ ಒಂದೂ ಇರಲಿಲ್ಲ. ಹೊಸದಾಗಿ ಬಂದ ಮರಿ ಒಂದು ಮಿಲಿಮೀಟರಿಗಿಂತ ಚಿಕ್ಕದು, ಸೊಳ್ಳೆಪರದೆಯ ಕಣ್ಣು ಅದಕ್ಕಿಂತ ದೊಡ್ಡದು. ಎಲ್ಲಾ ಹೊರಗೆ ನಡೆದುಹೋಗಿದ್ದವು.

ಅಮ್ಮ ಹಳೇ ವಾಯಿಲ್ ಸೀರೆ ತಂದು ಕೊಟ್ಟರು. "ಇದರ ನೇಯ್ಗೆ ನೋಡು, ರವೆ ಜರಡಿ ಹಿಡಿದರೂ ನಿಲ್ಲುತ್ತೆ," ಅಂದರು. ಹೌದು, ಗಾಳಿ ಆಡುತ್ತದೆ, ಮರಿ ಹೋಗುವುದಿಲ್ಲ. ಅದನ್ನು ಬಿಸಿ ಅಂಟಿನಲ್ಲಿ ಅಂಟಿಸಿದೆ. ಮಳೆಗಾಲದ ತೇವಕ್ಕೆ ಬಾಟಲಿಯ ಒಳಗೋಡೆಯಲ್ಲಿ ನೀರಿನ ಹನಿ ಕೂತು ಮರಿಗಳು ಅದರಲ್ಲಿ ಅಂಟಿ ಸಾಯೋಕೆ ಶುರುವಾದವು. ಬಾಯಿಯ ಮುಚ್ಚಳ ತೆಗೆದು ಅಲ್ಲೂ ಸೀರೆ ಕಟ್ಟಿದೆ. ಕಿಟಕಿ ಕೆಳಗೆ, ಬಾಯಿ ಮೇಲೆ. ಗಾಳಿ ಕೆಳಗಿಂದ ಮೇಲೆ ಹೋಗುವ ಹಾಗೆ ಆಯಿತು, ಹನಿ ನಿಂತಿತು. ಕುಂಡವನ್ನು ನೀರಿನ ತಟ್ಟೆಯಲ್ಲಿ ಇಟ್ಟ ಮೇಲೆ ಇರುವೆಗಳೂ ಬರಲಿಲ್ಲ. ಇರುವೆ ಏಕೆ ಬರುತ್ತೆ ಅಂದರೆ ಈ ಹುಳಗಳು ಕುಡಿದ ರಸದ ಸಕ್ಕರೆಯಲ್ಲಿ ಬೇಡದ್ದನ್ನು ಸಿಹಿ ಅಂಟಾಗಿ ಹೊರಗೆ ಹಾಕುತ್ತವೆ. ಗದ್ದೆಯ ಬುಡದಲ್ಲಿ ಕಪ್ಪು ಮಸಿ ಹಿಡಿದಂತೆ ಕಾಣುವುದು ಈ ಅಂಟಿನ ಮೇಲೆ ಬೆಳೆಯುವ ಬೂಷ್ಟು.

ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ ಭಾವ ಈ ಅಂಟಿನ ಮಾತು ಕೇಳಿ ಬ್ರೋಮೋಕ್ರಿಸಾಲ್ ಗ್ರೀನ್ ಅನ್ನುವ ಬಣ್ಣದ ದ್ರವ, ಸೋಸುವ ಕಾಗದ ತಂದುಕೊಟ್ಟರು. ಕಾಗದವನ್ನು ಅದರಲ್ಲಿ ಅದ್ದಿ ಒಣಗಿಸಿದರೆ ಹಳದಿ ಆಗುತ್ತದೆ. ಹುಳಿ ಕಡಿಮೆ ಇರುವ ರಸ ಬಿದ್ದರೆ ನೀಲಿ. ಗಿಡದ ಸಕ್ಕರೆ ಹರಿಯುವ ನಾಳದಿಂದ ಹೀರಿದ ಹುಳದ ಅಂಟು ನೀಲಿ ಚುಕ್ಕೆ ಕೊಡುತ್ತದೆ. ಬೇರಿಂದ ಮೇಲೆ ಬರುವ ನೀರಿನ ನಾಳದಿಂದ ಹೀರಿದ್ದು ಬಿಳಿ ಗುರುತು ಬಿಡುತ್ತದೆ. ಬುಡಕ್ಕೆ ಕಾಗದ ಸುತ್ತಿ, ಮೇಲೆ ಟೀ ಲೋಟ ಕವುಚಿ, ಒಂದು ರಾತ್ರಿ ಬಿಟ್ಟೆ. ಕಂದಿನದು ನೀಲಿ. ಬಿಳಿ ಬೆನ್ನಿನದೂ ನೀಲಿ. ಹೋಲಿಕೆಗೆ ಇಟ್ಟ ಹಸಿರು ಜಿಗಿಹುಳದ ಕಾಗದದಲ್ಲಿ ನೀಲಿ, ಬಿಳಿ ಎರಡೂ. ಎರಡು ಅಣ್ಣತಮ್ಮಂದಿರೂ ಸಕ್ಕರೆ ಪೈಪಿಗೇ ಬಾಯಿ ಹಾಕುತ್ತಾರೆ ಅಂತ ಕಣ್ಣಾರೆ ಕಂಡೆ. ಯಾವುದು ಎಷ್ಟು ಕುಡಿಯುತ್ತದೆ ಅಂತ ಅಳೆಯೋಕೆ ಹೋದೆ, ಆದರೆ ಒಂದು ಲೋಟದಲ್ಲಿ ಒಂದು ಮರಿ ಪೊರೆ ಬಿಡುತ್ತಾ ಕೂತು ಏನೂ ಕುಡಿದಿರಲಿಲ್ಲ. ಐದೈದು ಹುಳದ ಲೆಕ್ಕ ಇಟ್ಟುಕೊಂಡು ಏನೂ ಹೇಳಬಾರದು, ಅದಕ್ಕೇ ಇಲ್ಲಿ ಬರೆದಿಲ್ಲ.

ಹೋದ ವರ್ಷ ಆಗಿದ್ದೇನು

ಇಷ್ಟು ಆದ ಮೇಲೆ ಅಟ್ಟದ ಮೇಲಿದ್ದ ಹೋದ ವರ್ಷದ ಔಷಧಿ ಬಾಟಲಿ ತೆಗೆದು ಓದಿದೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನದು. ಈ ಗುಂಪಿನ ಔಷಧಿ ಹೊಡೆದ ಗದ್ದೆಯಲ್ಲಿ ಕಂದು ಜಿಗಿಹುಳು ಮೊದಲಿಗಿಂತ ಜಾಸ್ತಿಯಾಗಿ ಮರಳಿ ಬರುವುದು ಏಷ್ಯಾದ ಭತ್ತದ ನಾಡುಗಳಲ್ಲೆಲ್ಲ ಗೊತ್ತಿರುವ ವಿಚಾರ. ನಾವು ಮಘೆ ಮಳೆಯಲ್ಲಿ ಹೊಡೆದದ್ದು ಬಿಳಿ ಬೆನ್ನಿನದಕ್ಕೆ, ಈ ವರ್ಷದ ತಟ್ಟೆ ನೋಡಿದರೆ ಅದೇ ಸರಿ ಅನ್ನಿಸುತ್ತದೆ. ಅದು ಪೈರು ಎಳೆಯದಿರುವಾಗ ಬರುವ ಹುಳ. ಪೈರು ಬಲಿತ ಹಾಗೆ ತಾನೇ ಕಡಿಮೆಯಾಗುತ್ತದೆ. ಔಷಧಿಗೆ ಅದು ಸತ್ತಿತು, ಜೊತೆಗೆ ಬುಡದ ಜೇಡಗಳು ಸತ್ತವು. ಹುಳದ ಮೊಟ್ಟೆಗೆ ಸೂಜಿ ಹಾಕಿ ಕುಡಿಯುವ ಸಣ್ಣ ಹಸಿರು ತಿಗಣೆಯೂ ಸತ್ತಿತು. ಅದರ ಹೆಸರು ಸಿರ್ಟೋರೈನಸ್. ಕಾವಲಿನವರು ಇಲ್ಲದ ಗದ್ದೆಗೆ ಉತ್ತರೆ ಮಳೆಯಲ್ಲಿ ಕಂದು ಬಂತು. ನಮ್ಮ ಕಣ್ಣಿಗೆ ಎರಡೂ ಜಿಗಿಹುಳ. ಹೊಡೆದಿದ್ದೇವಲ್ಲ ಅಂತ ಬುಡ ನೋಡಲಿಲ್ಲ.

ತಳಿಯ ಮೇಲೆ ಭಾರ ಹಾಕಿಯೂ ಕೂರುವ ಹಾಗಿಲ್ಲ. ಕಂದು ಜಿಗಿಹುಳ ತಡೆಯುವ ಐಆರ್ 26 ತಳಿ ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ 1973ರಲ್ಲಿ ಬಂತು. ಅದರ ಶಕ್ತಿ ಒಂದೇ ಜೀನಿನದು. ಕೆಲವೇ ವರ್ಷದಲ್ಲಿ ಹುಳ ಅದನ್ನೂ ಕುಡಿಯೋಕೆ ಕಲಿಯಿತು. ಕೇರಳದ ಪಟ್ಟಾಂಬಿಯ ಪಿಟಿಬಿ 33 ತಳಿಯನ್ನು ಮಾತ್ರ ಇವತ್ತಿಗೂ ನಮ್ಮ ದೇಶದ ಪರೀಕ್ಷೆಗಳಲ್ಲಿ ಹುಳ ತಡೆಯುವ ತಳಿ ಅಂತ ಹೋಲಿಕೆಗೆ ಇಡುತ್ತಾರೆ. ಅದೇ ಕೇರಳದಲ್ಲಿ 1973-74ರಲ್ಲಿ ಈ ಹುಳ ಗದ್ದೆ ಗದ್ದೆಯನ್ನೇ ಸುಟ್ಟಿತ್ತು.

ಈ ವರ್ಷ ಹಾಗಾಗಿ ಬೇರೆ ಮಾಡಿದೆವು. ನಾಟಿಯಲ್ಲಿ ಎರಡು ಮೀಟರಿಗೆ ಒಂದು ಅಡಿ ಕಾಲುದಾರಿ ಬಿಟ್ಟೆವು, ಬುಡಕ್ಕೆ ಬಿಸಿಲು ಗಾಳಿ ಬರಲಿ ಅಂತ. ಯೂರಿಯಾ ಒಂದೇ ಸಲ ಸುರಿಯದೆ ಮೂರು ಸಲ ಕೊಟ್ಟೆವು. ವಾರಕ್ಕೆ ಒಂದು ಸಲ ಇಪ್ಪತ್ತು ಬುಡ ತಟ್ಟಿ ಎಣಿಸಿದೆ. ಹುಳವನ್ನೂ, ಜೇಡವನ್ನೂ. ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯ ಹೇಳುವ ಲೆಕ್ಕ ನನಗೆ ಹಿಡಿಸಿತು: ಜೇಡ ಇಲ್ಲದಿದ್ದರೆ ಒಂದು ತೆಂಡೆಗೆ (ಬುಡದಿಂದ ಒಡೆದ ಒಂದು ಕವಲಿಗೆ) ಒಂದು ಹುಳ ಬಂದಾಗ ಯೋಚಿಸಿ, ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ ಎರಡು ಬರುವವರೆಗೆ ಕಾಯಬಹುದು. ಜೇಡವನ್ನೂ ಲೆಕ್ಕಕ್ಕೆ ಹಿಡಿದ ಸೂತ್ರ ಇದು.

ಮಘೆ ಮಳೆಯಲ್ಲಿ ಬಿಳಿ ಬೆನ್ನಿನದು ಬಂದಾಗ ಅಪ್ಪಯ್ಯನ ಕೈ ಪಂಪಿನ ಕಡೆ ಹೋಯಿತು. "ಇನ್ನೊಂದು ವಾರ ನೋಡಣ ಅಪ್ಪಯ್ಯ, ಜೇಡ ಬುಡಕ್ಕೆ ಎರಡು ಎರಡು ಇದೆ," ಅಂದೆ. ಅವರು ನನ್ನ ಮುಖ ನೋಡಿದರು, ತಟ್ಟೆ ನೋಡಿದರು. "ನೋಡು ಮತ್ತೆ. ಹೋದ ವರ್ಷದ ಹಾಗೆ ಆದ್ರೆ ಊಟಕ್ಕೆ ಕೊಂಡು ತರಬೇಕು," ಅಂದರು. ಆ ವಾರ ನಾನು ದಿನಾ ಬೆಳಿಗ್ಗೆ ಗದ್ದೆಗೆ ಇಳಿದೆ. ಹುಳ ಏರಲಿಲ್ಲ.

ಕೇಳುವ ಸಲಕರಣೆ

ಇದು ಆ ನಾಲ್ಕನೆಯದು. ಈ ಹುಳಗಳು ಹೊಟ್ಟೆ ನಡುಗಿಸಿ ಜೊತೆ ಕರೆಯುತ್ತವೆ. ಸದ್ದು ಗಾಳಿಯಲ್ಲಿ ಬರುವುದಿಲ್ಲ, ಭತ್ತದ ಕಡ್ಡಿಯಲ್ಲೇ ನಡುಕವಾಗಿ ಹರಿಯುತ್ತದೆ. ಕಂದಿನ ಕರೆ ಬೇರೆ, ಬಿಳಿ ಬೆನ್ನಿನ ಕರೆ ಬೇರೆ. ಒಂದೇ ಬುಡದಲ್ಲಿ ಇದ್ದರೂ ತಮ್ಮವರು ಯಾರು ಅಂತ ಅವಕ್ಕೆ ಗೊತ್ತು.

ನನ್ನ ಅಂಗಡಿಯಲ್ಲಿ ಹಳೇ ರೆಕಾರ್ಡ್ ಪ್ಲೇಯರಿನ ಸೂಜಿ ಇರುವ ಕಾರ್ಟ್ರಿಜ್ ಒಂದಿತ್ತು, ಸೆರಾಮಿಕ್‌ದು. ರೆಕಾರ್ಡ್ ತಟ್ಟೆಯ ಗೀರಿನ ನಡುಕ ಹಿಡಿಯುವ ಸೂಜಿ ಕಡ್ಡಿಯ ನಡುಕವನ್ನೂ ಹಿಡಿಯಬೇಕಲ್ಲ? ಸ್ಟ್ಯಾಂಡಿಗೆ ಕಟ್ಟಿ ಸೂಜಿಯನ್ನು ಕಡ್ಡಿಗೆ ಮೆಲ್ಲಗೆ ತಾಗಿಸಿದೆ, ತಂತಿಯನ್ನು ಹಳೇ ಟೇಪ್ ರೆಕಾರ್ಡರಿನ ಆಂಪ್ಲಿಫೈಯರಿಗೆ ಕೊಟ್ಟೆ. ಮೊದಲು ಕೇಳಿದ್ದು ಬರೀ ಗುಂಯ್ ಅನ್ನುವ ಕರೆಂಟಿನ ಸದ್ದು. ಅಡಾಪ್ಟರ್ ಕಿತ್ತು 9 ವೋಲ್ಟ್ ಬ್ಯಾಟರಿ ಹಾಕಿದೆ, ತಂತಿಗೆ ಟಿವಿ ಕೇಬಲ್ ಬಳಸಿ ಅದರ ಹೊರಜಾಲವನ್ನು ನೆಗೆಟಿವ್‌ಗೆ ಬೆಸೆದೆ. ಗುಂಯ್ ನಿಂತಿತು. ಆಮೇಲೆ ಹೆಂಚಿನ ಮೇಲೆ ಬೀಳುವ ಮಳೆ, ಜಗುಲಿಯಲ್ಲಿ ನಡೆಯುವ ಕಾಲು, ಎಲ್ಲಾ ಕೇಳೋಕೆ ಶುರು. ಕುಂಡವನ್ನು ಹಳೇ ಟ್ಯೂಬಿನ ಮೇಲೆ ಕೂರಿಸಿದೆ, ಸ್ವಲ್ಪ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ನೆಲದ ಸದ್ದು ಮುಕ್ಕಾಲು ಪಾಲು ಹೋಯಿತು.

ಮಳೆ ಇಲ್ಲದ ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಬಾಟಲಿಯಲ್ಲಿ ಕಂದಿನ ಒಂದು ಹೆಣ್ಣು, ಎರಡು ಗಂಡು. ಒಂದು ಗಂಟೆ ಏನೂ ಇಲ್ಲ. ಆಮೇಲೆ ದೂರದ ಮನೆಯಲ್ಲಿ ಯಾರೋ ಹೊಲಿಗೆ ಮೆಷಿನ್ ತುಳಿಯುವ ಹಾಗೆ, ಟಕಟಕಟಕ, ಒಂದೇ ಸಮ. ನಿಂತಿತು. ಮತ್ತೆ ಬಂತು. ಟಾರ್ಚಿಗೆ ಕೆಂಪು ಕಾಗದ ಹಿಡಿದು ನೋಡಿದೆ. ಹೆಣ್ಣಿನ ಹೊಟ್ಟೆ ನಡುಗುತ್ತಿತ್ತು. ನಾನು ಹುಟ್ಟಿದಾಗಿನಿಂದ ಓಡಾಡಿದ ಗದ್ದೆಯಲ್ಲಿ ಈ ಸದ್ದು ಪ್ರತಿ ರಾತ್ರಿ ಇತ್ತು.

ಬಿಳಿ ಬೆನ್ನಿನದರ ಕರೆ ಇನ್ನೂ ಸಿಕ್ಕಿಲ್ಲ. ಮರುದಿನದಿಂದ ಮಳೆ ಹಿಡಿಯಿತು, ಆಮೇಲೆ ಆ ಬಾಟಲಿಯ ಪೈರೇ ಹಳದಿಯಾಯಿತು.

ಈಗ

ಹಸ್ತ ಮಳೆಯ ಕೊನೆಗೆ ಕೆಳಗದ್ದೆಯಲ್ಲಿ ಕಂದು ಜಿಗಿಹುಳು ಏರೋಕೆ ಶುರುವಾಯಿತು. ತೆಂಡೆಗೆ ಒಂದರ ಹತ್ತಿರ ಬಂತು, ಜೇಡವೂ ಇತ್ತು. ಗದ್ದೆಯ ನೀರು ನಾಲ್ಕು ದಿನ ಬಸಿದೆವು. ಬುಡ ಒಣಗಿದರೆ ಈ ಹುಳಕ್ಕೆ ಒಗ್ಗುವುದಿಲ್ಲ. ಮತ್ತೆ ನೀರು ಕಟ್ಟಿ, ಮತ್ತೆ ಬಸಿದೆವು. ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಅಪ್ಪಯ್ಯ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಚರಗ ಬೀರಿದರು. ನಾನು ಹಿಂದೆ ದೀಪ ಹಿಡಿದು ಹೋದೆ. ಕತ್ತಲಲ್ಲೇ ಎರಡು ಬುಡ ತಟ್ಟಿ ನೋಡಿದೆ. ಒಂದರಲ್ಲಿ ಆರು ಹುಳ, ಇನ್ನೊಂದರಲ್ಲಿ ಒಂಬತ್ತು, ಎರಡರಲ್ಲೂ ಜೇಡ. ಈ ಬೆಳೆಗೆ ಔಷಧಿ ಹೊಡೆದಿಲ್ಲ.

ಸ್ಟ್ಯಾಂಡು ಈಗ ಅಂಗಡಿಯ ಮುಂದಿನ ಮೇಜಿನ ಮೇಲಿದೆ. ಪಂಪು ರಿಪೇರಿಗೆ ಬರುವವರಿಗೆ ಹೇಳಿದ್ದೇನೆ, ಬರುವಾಗ ಬುಡದ ಹುಳ ಒಂದು ಬಾಟಲಿಯಲ್ಲಿ ತನ್ನಿ ಅಂತ. ನಿನ್ನೆ ಒಬ್ಬರು ತಂದಿದ್ದರಲ್ಲಿ ಏಳು ಕಂದು, ಎರಡು ಬಿಳಿ ಬೆನ್ನಿನವು. ಜೊತೆಗೆ ಒಂದು ಹಸಿರು ತಿಗಣೆ, ಅದನ್ನು ವಾಪಸ್ ಗದ್ದೆಗೇ ಬಿಡಿ ಅಂತ ಕೊಟ್ಟು ಕಳಿಸಿದೆ. ಗಾಜಿನ ಕೆಳಗಿನ ಎಡಗಡೆ ಸ್ಪ್ರಿಂಗ್ ತುಕ್ಕು ಹಿಡಿದು ಕಿರುಗುಟ್ಟುತ್ತಿದೆ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಸ್ಟೀಲಿನದು ತರಬೇಕು. ಡಿವಿಡಿ ಲೆನ್ಸಿಗೆ ಇನ್ನೊಂದು ಅಕ್ರಿಲಿಕ್ ಶೀಟು ಕೊಯ್ದು ಇಟ್ಟಿದ್ದೇನೆ, ತೂತು ಇನ್ನೂ ಹಾಕಿಲ್ಲ.